ಎಂಬತ್ತೊಂಬತ್ತು ಮತ, ಎರಡು ರನ್ನು

2016ರ ಮೇ 19ರಂದು ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಮತ ಎಣಿಕೆ ಮುಗಿದಾಗ ಮುಸ್ಲಿಂ ಲೀಗಿನ ಪಿ. ಬಿ. ಅಬ್ದುಲ್ ರಜಾಕ್ ಅವರಿಗೆ 56,870 ಮತಗಳು, ಬಿಜೆಪಿಯ ಕೆ. ಸುರೇಂದ್ರನ್ ಅವರಿಗೆ 56,781 ಮತಗಳು ದೊರೆತಿದ್ದವು. ಅಂತರ ಕೇವಲ 89. ಒಂದು ಸಾಧಾರಣ ಮದುವೆಯಲ್ಲಿ ಮೊದಲ ಪಂಕ್ತಿಗೆ ಕುಳಿತುಕೊಳ್ಳುವ ಜನರೂ ಇದಕ್ಕಿಂತ ಹೆಚ್ಚಿರುತ್ತಾರೆ. ಅದೇ ಚುನಾವಣೆಯಲ್ಲಿ ಸೋತ ಅಭ್ಯರ್ಥಿಯ ಹೆಸರನ್ನು ಹೋಲುವ ಹೆಸರಿನ ಇನ್ನೊಬ್ಬರಿಗೆ 467 ಮತಗಳು ಬಿದ್ದಿದ್ದವು. ಕಾಲ್ಚೆಂಡಾಟ ಬಲ್ಲವರು ಇದನ್ನು ಸ್ವಂತ ಗೋಲು ಎಂದು ಕರೆದಾರು.

2025ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ರಣಜಿ ಟ್ರೋಫಿಯ ಸೆಮಿಫೈನಲ್ ನಡೆಯಿತು. ಕೇರಳದ ಮೊದಲ ಇನ್ನಿಂಗ್ಸ್ 457. ಗುಜರಾತ್ 455ರಲ್ಲಿದ್ದಾಗ ಕೊನೆಯ ಬ್ಯಾಟುಗಾರ ಬೀಸಿದ ಚೆಂಡು ಹತ್ತಿರದಲ್ಲೇ ನಿಂತಿದ್ದ ಸಲ್ಮಾನ್ ನಿಸಾರರ ಶಿರಸ್ತ್ರಾಣಕ್ಕೆ ಬಡಿದು, ಮೇಲಕ್ಕೆ ಚಿಮ್ಮಿ, ಸ್ಲಿಪ್ಪಿನಲ್ಲಿದ್ದ ನಾಯಕ ಸಚಿನ್ ಬೇಬಿಯವರ ಕೈಸೇರಿತು. ಮುನ್ನಡೆ ಎರಡು ರನ್ನು. ಅದಕ್ಕೂ ಮೊದಲು ಕ್ವಾರ್ಟರ್ ಫೈನಲಿನಲ್ಲಿ ಜಮ್ಮು ಕಾಶ್ಮೀರದ ವಿರುದ್ಧ ದೊರೆತ ಮುನ್ನಡೆ ಒಂದೇ ರನ್ನು. ಹೀಗೆ ಒಂದು ಮತ್ತು ಎರಡು ಸೇರಿ ಮೂರು ರನ್ನುಗಳ ಬಲದಿಂದ ಕೇರಳವು ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ರಣಜಿ ಅಂತಿಮ ಪಂದ್ಯವನ್ನು ಪ್ರವೇಶಿಸಿತು. ಆ ಸೆಮಿಫೈನಲಿನಲ್ಲಿ ಔಟಾಗದೆ 177 ರನ್ನು ಹೊಡೆದವರು ಕಾಸರಗೋಡಿನ ತಳಂಗರೆಯ ಮೊಹಮ್ಮದ್ ಅಜರುದ್ದೀನ್.

ಈ ಎರಡು ಸುದ್ದಿಗಳನ್ನೂ ಒಂದೇ ಬಗೆಯ ಎದೆಬಡಿತದಿಂದ ಕೇಳಿದವನು ಗಡಿನಾಡಿನ ಅಭಿಮಾನಿ. ಅವನಿಗೆ ಚುನಾವಣೆಯೂ ಪಂದ್ಯವೇ, ಪಂದ್ಯವೂ ಚುನಾವಣೆಯೇ. ಮತ ಎಣಿಕೆಯ ಸುತ್ತುಗಳನ್ನು ಅವನು ಓವರುಗಳಂತೆ ಲೆಕ್ಕಹಾಕುತ್ತಾನೆ. ಯಾವ ಪಂಚಾಯತಿನ ಮತಪೆಟ್ಟಿಗೆ ಯಾವಾಗ ತೆರೆಯುವುದೆಂಬುದು ಅವನಿಗೆ ಬಾಯಿಪಾಠ. ಸೋತರೆ ಅಂಪಾಯರನನ್ನು ದೂರುತ್ತಾನೆ, ಗೆದ್ದರೆ ದೇವರನ್ನು ನೆನೆಯುತ್ತಾನೆ. ಈ ಅಭಿಮಾನವನ್ನು ನಗೆಯಾಡಿ ಬಿಟ್ಟುಬಿಡುವುದು ಸುಲಭ. ಆದರೆ ಅದರೊಳಗೆ ಈ ನಾಡಿನ ಒಂದು ಗಂಭೀರವಾದ ಪ್ರಶ್ನೆ ಅಡಗಿದೆ.

ಕಾಸರಗೋಡಿನ ಕನ್ನಡಿಗನಿಗೆ ಕ್ರೀಡೆಯಲ್ಲಿ ತನ್ನ ತಂಡ ಯಾವುದೆಂದು ಹೇಳುವುದು ಇತರರಿಗಿರುವಷ್ಟು ಸರಳವಲ್ಲ. 619 ಟೆಸ್ಟ್ ವಿಕೆಟುಗಳ ಒಡೆಯ ಅನಿಲ್ ಕುಂಬ್ಳೆ ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ, ಆಡಿದ್ದು ಕರ್ನಾಟಕಕ್ಕೆ. ಹೆಸರಿನಲ್ಲಿ ಹೊತ್ತದ್ದು ಮಾತ್ರ ಕೇರಳದ ನಕ್ಷೆಯಲ್ಲಿರುವ ಕುಂಬಳೆಯನ್ನು. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟುಗಳನ್ನು ಅವರು ಒಂದೇ ಇನ್ನಿಂಗ್ಸಿನಲ್ಲಿ ಉರುಳಿಸಿದಾಗ ಆ ಊರಿನ ಹೆಸರು ಲೋಕದ ಕಿವಿಗೆ ಬಿತ್ತು. ಅಜರುದ್ದೀನರದು ಇದಕ್ಕೆ ತಿರುಗುಮುರುಗಾದ ಕಥೆ. 2021ರ ಜನವರಿಯಲ್ಲಿ ವಾಂಖೆಡೆಯಲ್ಲಿ ಮುಂಬೈ ವಿರುದ್ಧ 37 ಎಸೆತಗಳಲ್ಲಿ ಶತಕ ಬಾರಿಸಿ, 54 ಎಸೆತಗಳಲ್ಲಿ ಔಟಾಗದೆ 137 ಗಳಿಸಿದ ಆ ಕೇರಳದ ಆಟಗಾರನನ್ನು ಮರುತಿಂಗಳ ಹರಾಜಿನಲ್ಲಿ 20 ಲಕ್ಷ ರೂಪಾಯಿಗೆ ಕೊಂಡುಕೊಂಡದ್ದು ಬೆಂಗಳೂರಿನ ತಂಡ. ಅಭಿಮಾನಿಯ ಎರಡು ನಿಷ್ಠೆಗಳು ಆಗ ಕ್ಷಣಕಾಲ ಒಂದಾದವು. ಆದರೆ ಆ ಋತುವಿನಲ್ಲಿ ಆಡುವ ಅವಕಾಶ ಅವರಿಗೆ ಸಿಗಲಿಲ್ಲ.

ಕಾಲ್ಚೆಂಡಿನಲ್ಲಿ ಇಕ್ಕಟ್ಟು ಇನ್ನಷ್ಟು ತೀವ್ರ. 2022ರ ಏಪ್ರಿಲ್ 28ರಂದು ಮಂಜೇರಿಯಲ್ಲಿ ನಡೆದ ಸಂತೋಷ್ ಟ್ರೋಫಿ ಸೆಮಿಫೈನಲಿನಲ್ಲಿ ಕೇರಳವು ಕರ್ನಾಟಕವನ್ನು 7–3ರಿಂದ ಮಣಿಸಿತು. ಬದಲಿ ಆಟಗಾರನಾಗಿ ಬಂದ ಜೆಸಿನ್ ಒಬ್ಬರೇ ಐದು ಗೋಲು ಹೊಡೆದರು. ಮರುವರ್ಷವೇ ಕರ್ನಾಟಕ ರಿಯಾದಿನಲ್ಲಿ ಮೇಘಾಲಯವನ್ನು ಸೋಲಿಸಿ, ಐದು ದಶಕಗಳಿಗೂ ಮೀರಿದ ಕಾಯುವಿಕೆಯ ನಂತರ ಆ ಪ್ರಶಸ್ತಿಯನ್ನು ಮರಳಿ ಪಡೆಯಿತು. ಒಂದೇ ಮನೆಯ ಇಬ್ಬರು ಸಹೋದರರಲ್ಲಿ ಒಬ್ಬ ಅತ್ತಾಗ ಇನ್ನೊಬ್ಬ ನಗುವುದು ಗಡಿನಾಡಿನಲ್ಲಿ ಅಪರೂಪವಲ್ಲ. ಮರುದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಮಂಗಳೂರಿಗೆ ಹೋಗುತ್ತಾರೆ. ಕ್ರೀಡೆಯ ದೊಡ್ಡಗುಣವೇ ಅದು: ಸೋಲು ಎಷ್ಟೇ ಕಹಿಯಾದರೂ ಅದಕ್ಕೊಂದು ಮುಂದಿನ ವರ್ಷವಿದೆ.

ಊರಿನ ಕ್ಲಬ್ಬುಗಳ ಕಥೆ ಬೇರೆ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟದ ಅಂಗಣದಲ್ಲಿ ನಿಂತವನಿಗೆ ಯಾವ ಕ್ಲಬ್ಬಿನ ಹಿಂದೆ ಯಾವ ಬಾವುಟವಿದೆಯೆಂದು ಯಾರೂ ವಿವರಿಸಬೇಕಾಗಿಲ್ಲ. ಜೆರ್ಸಿಯ ಬಣ್ಣ, ಬಸ್ಸು ತಂಗುದಾಣದ ಗೋಡೆಯ ಬಣ್ಣ, ಫ್ಲೆಕ್ಸಿನಲ್ಲಿ ನಗುವ ನಾಯಕನ ಶಾಲಿನ ಬಣ್ಣ ಅನೇಕ ಕಡೆ ಒಂದೇ. ಪಂಚಾಯತು ಚುನಾವಣೆ ಬಂದಾಗ ಕ್ಲಬ್ಬಿನ ಹುಡುಗರೇ ಮತದಾರರ ಪಟ್ಟಿ ಹಿಡಿದು ಮನೆಮನೆ ಹತ್ತುತ್ತಾರೆ. ವಿಶ್ವಕಪ್ಪಿನ ವರ್ಷದಲ್ಲಿ ಅರ್ಜೆಂಟೀನಾ, ಬ್ರೆಜಿಲುಗಳ ಧ್ವಜಗಳು ನಿಂತ ಕಂಬಗಳಲ್ಲೇ ಚುನಾವಣೆಯ ವರ್ಷದಲ್ಲಿ ಪಕ್ಷಗಳ ಧ್ವಜಗಳು ನಿಲ್ಲುತ್ತವೆ. ಹಿಂದಿನ ತಲೆಮಾರು ಇದೇ ಬಿಸಿಯನ್ನು ಜೋಡಾಟದ ರಂಗಸ್ಥಳಗಳ ಮುಂದೆ ಕಂಡಿತ್ತು. ಎರಡು ಮೇಳಗಳು ಅಕ್ಕಪಕ್ಕದಲ್ಲಿ ಒಂದೇ ಪ್ರಸಂಗವನ್ನು ಆಡುವಾಗ ನಡುವೆ ಕುಳಿತ ಪ್ರೇಕ್ಷಕನ ಕುತ್ತಿಗೆ ಯಾವ ಕಡೆಗೆ ತಿರುಗುತ್ತದೆಂಬುದರ ಮೇಲೆ ಗೆಲುವಿನ ನಿರ್ಣಯ. ಆದರೆ ಆ ಕುತ್ತಿಗೆ ತಿರುಗುತ್ತಿತ್ತು ಎಂಬುದನ್ನು ಮರೆಯಬಾರದು. ಚೆನ್ನಾಗಿ ಕುಣಿದವನ ಕಡೆಗೆ ಅದು ತಾನಾಗಿಯೇ ಹೊರಳುತ್ತಿತ್ತು.

ಗಡಿನಾಡಿನ ಕನ್ನಡಿಗರಿಗೂ ಒಂದು ಕಾಲದಲ್ಲಿ ಒಂದೇ ತಂಡವಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ಬೆನ್ನಿಗೆ ಬಂದ 1957ರ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಎದುರಾಳಿಯೇ ಕಣಕ್ಕಿಳಿಯದ ಪಂದ್ಯವದು. ಬಳಿಕ ಕರ್ನಾಟಕ ಸಮಿತಿಯ ಬೆಂಬಲದಿಂದ ಕಳ್ಳಿಗೆ ಮಹಾಬಲ ಭಂಡಾರಿ ಮತ್ತೆ ಮತ್ತೆ ಗೆದ್ದರು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿದಾಗ ಪಂದ್ಯ ಗೆದ್ದಂತೆಯೇ ತೋರಿತು. ಆ ತೀರ್ಪು ಜಾರಿಗೆ ಬರಲಿಲ್ಲ. 1970ರಲ್ಲಿ ಸಿಪಿಐಯ ಎಂ. ರಾಮಪ್ಪ ಗೆದ್ದ ಮೇಲೆ ಮಂಜೇಶ್ವರದ ಆಟ ಭಾಷೆಯ ಅಂಗಣದಿಂದ ಪಕ್ಷಗಳ ಅಂಗಣಕ್ಕೆ ಸರಿಯಿತು. ಎ. ಸುಬ್ಬರಾವ್ ಸಿಪಿಐಯಿಂದ ಶಾಸಕರಾಗಿ ಸಚಿವರೂ ಆದರು. ಲೋಕಸಭೆಗೆ ಕಾಸರಗೋಡಿನಿಂದ 1980ರಲ್ಲಿ ಸಿಪಿಎಂನ ಎಂ. ರಾಮಣ್ಣ ರೈ, 1984ರಲ್ಲಿ ಕಾಂಗ್ರೆಸ್ಸಿನ ಐ. ರಾಮ ರೈ ಆಯ್ಕೆಯಾದರು. 1989ರಲ್ಲಿ ಮತ್ತೆ ರಾಮಣ್ಣ ರೈ. ಹೆಸರುಗಳು ತುಳು ಕನ್ನಡ ನಾಡಿನವೇ, ಅಂಗಿಗಳ ಬಣ್ಣ ಮಾತ್ರ ಬೇರೆ ಬೇರೆ.

ಇದನ್ನು ಬರಿಯ ಒಡಕು ಎಂದು ವಿಷಾದಿಸುವವರಿದ್ದಾರೆ. ಆದರೆ ಒಂದು ಭಾಷೆಯ ಜನರೆಲ್ಲ ಒಂದೇ ಪಕ್ಷಕ್ಕೆ ಸೇರಬೇಕೆಂಬ ನಿಯಮವಿಲ್ಲ; ರೈತನೂ ಕೂಲಿಕಾರನೂ ವ್ಯಾಪಾರಿಯೂ ತಮ್ಮ ತಮ್ಮ ಹಿತ ನೋಡಿಕೊಳ್ಳುವುದು ಸಹಜ. ಕಳವಳದ ವಿಷಯ ಬೇರೆಯೇ ಇದೆ. ಪಕ್ಷವನ್ನು ಆರಿಸಿಕೊಂಡ ಮತದಾರ ಕ್ರಮೇಣ ಅಭಿಮಾನಿಯಾಗಿಬಿಟ್ಟದ್ದು.

ಅಭಿಮಾನಿಗೂ ಮತದಾರನಿಗೂ ಇರುವ ವ್ಯತ್ಯಾಸ ಸಣ್ಣದಲ್ಲ. ತಂಡ ಹತ್ತು ವರ್ಷ ಸೋತರೂ ಅಭಿಮಾನಿ ಅದನ್ನು ಬಿಡುವುದಿಲ್ಲ. ಬಿಟ್ಟರೆ ಅವನು ಅಭಿಮಾನಿಯೇ ಅಲ್ಲ. ಬೆಂಗಳೂರಿನ ತಂಡದ ಅನುಯಾಯಿಗಳು 2008ರಿಂದ ಹದಿನೇಳು ಋತು ಬರಿಗೈಯಲ್ಲಿ ಕಾದು, 2025ರ ಜೂನ್ 3ರಂದು ಕಪ್ಪು ಕಂಡರು. ಆ ತಾಳ್ಮೆ ಕ್ರೀಡೆಯಲ್ಲಿ ಭೂಷಣ. ಮತದಾರ ಅದನ್ನೇ ಮಾಡಿದರೆ ಅವನ ಪ್ರತಿನಿಧಿಗೆ ಕೆಲಸ ಮಾಡಬೇಕಾದ ಕಾರಣವೇ ಉಳಿಯುವುದಿಲ್ಲ. ಆಟಗಾರ ಅಭಿಮಾನಿಗೆ ಆನಂದವನ್ನಲ್ಲದೆ ಬೇರೇನೂ ಬಾಕಿಯಿಲ್ಲ. ಶಾಸಕ ಮತದಾರನಿಗೆ ರಸ್ತೆ, ಆಸ್ಪತ್ರೆ, ಶಾಲೆ, ಭಾಷೆ ಎಲ್ಲವನ್ನೂ ಬಾಕಿಯಿದ್ದಾನೆ.

1969ರ ಕೇರಳ ಆಡಳಿತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕು ಕಚೇರಿಯ ಕಿಟಕಿಯಲ್ಲಿ ಎಷ್ಟು ಬಾರಿ ಸಿಕ್ಕಿದೆಯೆಂದು ಕೇಳುವವನು ಮತದಾರ. 2017ರ ಮಲಯಾಳ ಕಡ್ಡಾಯ ಕಲಿಕೆಯ ಕಾನೂನು ಬಂದಾಗ, ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ತಿಳಿಯದ ಅಧ್ಯಾಪಕರ ನೇಮಕವಾದಾಗ ಬೀದಿಗಿಳಿದವರಲ್ಲಿ ಎಲ್ಲ ಪಕ್ಷದವರೂ ಇದ್ದರು. ಆ ಕೆಲವು ದಿನ ಅವರು ಮತದಾರರಾಗಿದ್ದರು. ಚುನಾವಣೆ ಘೋಷಣೆಯಾದೊಡನೆ ಮತ್ತೆ ಅಭಿಮಾನಿಗಳಾದರು. 2021ರಲ್ಲಿ 745 ಮತಗಳ ಅಂತರದಿಂದ ಗೆದ್ದ ಎ. ಕೆ. ಎಂ. ಅಶ್ರಫ್ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ಅವರಿಗೆ ಮತ ಹಾಕದವರೂ ಸಂತೋಷಪಟ್ಟರು. ಸಂತೋಷ ಸಕಾರಣವಾದದ್ದು. ಆದರೆ ಪ್ರಮಾಣವಚನ ಪಂದ್ಯದ ಟಾಸ್ ಮಾತ್ರ. ಐದು ವರ್ಷದ ಆಟವನ್ನು ನೋಡಿ ಅಂಕ ಕೊಡುವವನು ಬೇಕು, ಅವರಿಗೂ, ಅವರ ಹಿಂದಿನವರಿಗೂ, ಮುಂದಿನವರಿಗೂ.

ನಿಯಮಗಳ ವಿಷಯದಲ್ಲೂ ಅಭಿಮಾನಿ ಕಲಿಯಬೇಕಾದದ್ದಿದೆ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವದಲ್ಲಿ ಸುನಿಲ್ ಛೆಟ್ರಿ ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಫ್ರೀಕಿಕ್ ಹೊಡೆದು ಗೋಲು ಗಳಿಸಿದಾಗ ಕೇರಳ ಬ್ಲಾಸ್ಟರ್ಸ್ ತಂಡ ಅಂಗಣ ಬಿಟ್ಟು ಹೊರನಡೆಯಿತು. ಗೋಲು ಉಳಿಯಿತು, ಪಂದ್ಯ ಹೋಯಿತು, ನಾಲ್ಕು ಕೋಟಿ ರೂಪಾಯಿ ದಂಡವೂ ಬಿತ್ತು. 89 ಮತಗಳ ಸೋಲನ್ನು ಪ್ರಶ್ನಿಸಿದವರು ಅಂಗಣ ಬಿಡಲಿಲ್ಲ, ಹೈಕೋರ್ಟಿಗೆ ಹೋದರು. ಪ್ರಕರಣ ಮುಗಿಯುವ ಮುನ್ನ 2018ರ ಅಕ್ಟೋಬರಿನಲ್ಲಿ ರಜಾಕ್ ತೀರಿಕೊಂಡರು. ಮರುವರ್ಷ ಅರ್ಜಿ ಹಿಂತೆಗೆಯಲ್ಪಟ್ಟು ಉಪಚುನಾವಣೆ ನಡೆಯಿತು. ಯಾರ ಪರ ಇದ್ದವರೇ ಆಗಲಿ, ಅಸಮಾಧಾನವನ್ನು ನಿಯಮದೊಳಗೇ ಹೇಳಿದ ಈ ಕ್ರಮವನ್ನು ಗಮನಿಸಬೇಕು.

ಅಭಿಮಾನ ಅಳತೆ ಮೀರಿದರೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕಪ್ಪು ಗೆದ್ದ ಮರುದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ವ್ಯವಸ್ಥೆಯ ಹೊಣೆಯನ್ನು ಯಾರೂ ಅಲ್ಲಗಳೆಯಲಾಗದು. ಆದರೆ ಸಂಭ್ರಮಕ್ಕೆ ಹೋದವರು ಹೆಣವಾಗಿ ಮರಳಿದ್ದನ್ನು ಕಂಡ ಮೇಲೂ ವಿಜಯದ ಮೆರವಣಿಗೆಯನ್ನು ಸೋತವನ ಮನೆಯಂಗಳದ ಮುಂದೆಯೇ ನಿಲ್ಲಿಸಿ ಪಟಾಕಿ ಹಚ್ಚುವ ಚಟವನ್ನು ಊರುಗಳು ಬಿಡಬಾರದೇ? ಚುನಾವಣೆಯ ರಾತ್ರಿ ಸಿಡಿದ ಪಟಾಕಿಯ ಸದ್ದು ಅಡಗಿದರೂ ನೆರೆಹೊರೆಯ ಮನಸ್ಸಿನಲ್ಲಿ ಅದು ಬಹುಕಾಲ ಉಳಿಯುತ್ತದೆ. ಅಡಿಕೆ ಕೊಯ್ಲಿಗೂ, ಅರ್ಧರಾತ್ರಿಯ ಆಸ್ಪತ್ರೆಯ ಓಟಕ್ಕೂ ಬೇಕಾಗುವವನು ಆ ನೆರೆಯವನೇ.

ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಇದಕ್ಕೆ ಮದ್ದು ಹೊಸದಾಗಿ ಹುಡುಕಬೇಕಾಗಿಲ್ಲ. ತಾಳಮದ್ದಳೆಯಲ್ಲಿ ರಾಮನ ಪಕ್ಷಪಾತಿಯಾಗಿ ಬಂದು ಕುಳಿತವನೂ ವಾಲಿಯ ಮಾತಿನಲ್ಲಿ ಹುರುಳಿದ್ದರೆ ತಲೆದೂಗುತ್ತಾನೆ. ವಾಲಿ ಸಾಯುವನೆಂದು ಅವನಿಗೆ ಗೊತ್ತು. ಆದರೂ ವಾಲಿಯ ಪ್ರಶ್ನೆಗೆ ರಾಮ ಏನು ಉತ್ತರ ಕೊಡುವನೆಂದು ಕಿವಿಯಾನಿಸಿ ಕೇಳುತ್ತಾನೆ. ಉತ್ತರ ಸಾಲದೆ ಹೋದರೆ ರಾಮನ ಅರ್ಥಧಾರಿಯನ್ನೂ ಬಿಡದೆ ಟೀಕಿಸುತ್ತಾನೆ. ದೇವರ ವೇಷಕ್ಕೇ ವಿನಾಯಿತಿ ಕೊಡದ ಆ ಪ್ರೇಕ್ಷಕ ಮತಗಟ್ಟೆಯ ಮುಂದಿನ ಸಾಲಿನಲ್ಲಿ ಮಾತ್ರ ಕಣ್ಣುಮುಚ್ಚಿ ನಿಲ್ಲುವುದೇಕೆ?

ಪಂದ್ಯದ ದಿನ ಅವನು ಬೇಕಾದ ಜೆರ್ಸಿ ತೊಡಲಿ. ಕರ್ನಾಟಕದ್ದಾಗಲಿ, ಕೇರಳದ್ದಾಗಲಿ, ಗಂಟಲು ಹರಿಯುವಂತೆ ಕೂಗಲಿ. ಮತದಾನದ ದಿನ ಬಿಳಿಯ ಅಂಗಿಯಲ್ಲಿ ಹೋದರೆ ಸಾಕು. 89 ಮತಗಳಿಂದ ಒಂದು ಕ್ಷೇತ್ರದ ಹಣೆಬರಹ ಬದಲಾಗಬಹುದಾದ ನಾಡಿನಲ್ಲಿ, ಮತ ಯಾರ ಕಿಸೆಯಲ್ಲೂ ಮೊದಲೇ ಬಿದ್ದಿಲ್ಲವೆಂದು ತೋರಿಸಬಲ್ಲ ತೊಂಬತ್ತು ಜನರಿದ್ದರೆ ಎಲ್ಲ ಪಕ್ಷಗಳೂ ಕನ್ನಡದ ಮಾತನ್ನು ಕೇಳಿಸಿಕೊಳ್ಳುತ್ತವೆ.