ಹೆಸರಿಗಿಂತ ಹೊಲಿಗೆ ನೋಡಿ

ರಮಝಾನ್‌ನ ಕೊನೆಯ ಹತ್ತು ದಿನಗಳು ಬಂದವೆಂದರೆ ನಮ್ಮ ಊರುಗಳ ಬಟ್ಟೆ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇಬಾದತ್‌ಗೆ ಮೀಸಲಿಡಬೇಕಾದ ರಾತ್ರಿಗಳ ಒಂದು ಪಾಲು ಅಂಗಡಿಯಿಂದ ಅಂಗಡಿಗೆ ಅಲೆಯುವುದರಲ್ಲೇ ಕಳೆದುಹೋಗುತ್ತದೆ. ಆ ಅವಸರದಲ್ಲಿ ಕೊಂಡ ಬಟ್ಟೆ ಈದ್‌ನ ದಿನ ಚೆನ್ನಾಗಿಯೇ ಕಾಣುತ್ತದೆ. ಬಕ್ರೀದ್ ಬರುವ ಹೊತ್ತಿಗೆ ನೋಡಿದರೆ ಮಗಳ ಚೂಡಿದಾರದ ಬಣ್ಣ ಮಾಸಿದೆ, ಮಗನ ಪ್ಯಾಂಟಿನ ಹೊಲಿಗೆ ಬಿಟ್ಟಿದೆ. ಮತ್ತೆ ಹೊಸ ಬಟ್ಟೆ, ಮತ್ತೆ ಖರ್ಚು. ಆಗ ಗೃಹಿಣಿಯರು ಕೇಳುವ ಪ್ರಶ್ನೆ ಒಂದೇ: "ಬಾಳಿಕೆಯೂ ಬರಬೇಕು, ಬೆಲೆಯೂ ಕೈಗೆಟಕಬೇಕು, ಅಂತಹ ಒಳ್ಳೆಯ ಬ್ರಾಂಡ್ ಯಾವುದು?"

ಪ್ರಶ್ನೆ ಸಣ್ಣದೆನಿಸಬಹುದು. ಆದರೆ ತಿಂಗಳ ಆದಾಯವನ್ನು ಅಕ್ಕಿ, ಶಾಲಾ ಶುಲ್ಕ, ಔಷಧಿ, ಬಾಡಿಗೆ ಎಂದು ಹಂಚಿಕೊಂಡು ಬದುಕುವ ಮನೆಗೆ ಅದು ಸಣ್ಣದಲ್ಲ. ಎಲ್ಲಿ ಎಷ್ಟು ಖರ್ಚು ಮಾಡಿದೆವೆಂಬುದಕ್ಕೆ ಅಲ್ಲಾಹನ ಮುಂದೆ ಲೆಕ್ಕ ಕೊಡಬೇಕೆಂದು ನಂಬಿರುವ ನಮಗಂತೂ ಅದು ದೀನ್‌ನ ಪ್ರಶ್ನೆಯೂ ಹೌದು.

ಪವಿತ್ರ ಕುರ್‌ಆನ್ ಅಲ್ ಅಅ್‌ರಾಫ್ ಅಧ್ಯಾಯದಲ್ಲಿ ಉಡುಪನ್ನು ಅಲ್ಲಾಹನ ಅನುಗ್ರಹವೆಂದು ನೆನಪಿಸುತ್ತದೆ. ಮಾನ ಮುಚ್ಚುವುದು ಮತ್ತು ಅಲಂಕಾರ ಎರಡನ್ನೂ ಅದರ ಉದ್ದೇಶವಾಗಿ ಹೇಳಿ, ತಕ್ವಾದ ಉಡುಪೇ ಶ್ರೇಷ್ಠವೆಂದು ತಿಳಿಸುತ್ತದೆ. ಖರ್ಚಿನ ವಿಷಯದಲ್ಲಿ ದುಂದುಗಾರಿಕೆಯೂ ಬೇಡ, ಜಿಪುಣತನವೂ ಬೇಡ, ಮಧ್ಯಮ ಮಾರ್ಗವಿರಲಿ ಎಂಬುದು ಅಲ್ ಫುರ್ಕಾನ್ ಅಧ್ಯಾಯದ ಪಾಠ. ಅಲ್ಲಾಹನು ಕೊಟ್ಟ ಅನುಗ್ರಹದ ಗುರುತು ದಾಸನ ಮೇಲೆ ಕಾಣುವುದು ಅವನಿಗೆ ಇಷ್ಟವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಜನರ ನಡುವೆ ಹೆಸರು ಗಳಿಸಲೆಂದೇ ತೊಡುವ ಉಡುಪಿನ ಬಗ್ಗೆ ಕಠಿಣ ಎಚ್ಚರಿಕೆಯನ್ನೂ ನೀಡಿದ್ದಾರೆ. ಹಾಗಾಗಿ ಒಳ್ಳೆಯ ಬಟ್ಟೆ ಬಯಸುವುದು ತಪ್ಪಲ್ಲ. ಬಟ್ಟೆಯನ್ನು ಬಿಟ್ಟು ಹೆಸರಿಗೆ ಹಣ ಸುರಿಯುವುದು ತಪ್ಪು.

ಮೊದಲು ಒಂದು ಸರಳ ಲೆಕ್ಕ ಮಾಡೋಣ. 500 ರೂಪಾಯಿಯ ಒಂದು ಚೂಡಿದಾರ 10 ಸಲ ಉಟ್ಟಾಗ ಹಾಳಾಯಿತೆಂದುಕೊಳ್ಳಿ. ಪ್ರತಿ ಸಲಕ್ಕೆ 50 ರೂಪಾಯಿ ಬಿತ್ತು. 1,200 ರೂಪಾಯಿಯದ್ದು 60 ಸಲ ಬಾಳಿದರೆ ಪ್ರತಿ ಸಲಕ್ಕೆ 20 ರೂಪಾಯಿ ಮಾತ್ರ. ಇನ್ನೊಂದು ಹೆಸರಾಂತ ಬ್ರಾಂಡಿನದ್ದು, 3,500 ರೂಪಾಯಿ. ಅದು 70 ಸಲ ಬಾಳಿದರೂ ಪ್ರತಿ ಸಲಕ್ಕೆ 50 ರೂಪಾಯಿಯೇ. ಅತಿ ಅಗ್ಗದ್ದೂ ಅತಿ ದುಬಾರಿಯದ್ದೂ ಕೊನೆಗೆ ಒಂದೇ ಲೆಕ್ಕಕ್ಕೆ ಬಂದು ನಿಂತವು. ಲಾಭ ಸಿಕ್ಕಿದ್ದು ನಡುವಿನದ್ದರಲ್ಲಿ. ಎಲ್ಲ ಸಲವೂ ಹೀಗೆಯೇ ಆಗಬೇಕೆಂದಿಲ್ಲ. ಆದರೆ ಬೆಲೆಯ ಚೀಟಿಯನ್ನು ಮಾತ್ರ ನೋಡದೆ "ಇದನ್ನು ಎಷ್ಟು ಸಲ ಉಡಬಹುದು?" ಎಂದು ಯೋಚಿಸುವ ಅಭ್ಯಾಸ ಬೆಳೆದರೆ ಅರ್ಧ ಸಮಸ್ಯೆ ಮುಗಿದಂತೆ. ಕಂತಿನ ಮೇಲೆ ಮನೆ ಬಾಗಿಲಿಗೆ ತಂದುಕೊಡುವ ಬಟ್ಟೆಗೂ ಇದೇ ಲೆಕ್ಕ ಹಾಕಿ. ವಾರಕ್ಕೆ 100 ರೂಪಾಯಿ ಎಂದಾಗ ಹಗುರವೆನಿಸುತ್ತದೆ. ಒಟ್ಟು ಎಷ್ಟು ವಾರ, ಅದೇ ಬಟ್ಟೆಗೆ ನಗದು ಬೆಲೆ ಎಷ್ಟು ಎಂದು ಕೇಳಿ ತಿಳಿದ ಮೇಲೆಯೇ ಒಪ್ಪಿಕೊಳ್ಳಿ.

ಇನ್ನು ಬ್ರಾಂಡ್ ವಿಷಯ. ಬ್ರಾಂಡ್ ಎಂದರೆ ಬಟ್ಟೆಗೆ ಅಂಟಿಸಿದ ಹೆಸರು. ಬಟ್ಟೆ ನೇಯುವವರು ಒಬ್ಬರು, ಹೊಲಿಯುವವರು ಇನ್ನೊಬ್ಬರು, ಹೆಸರು ಹಾಕಿ ಮಾರುವವರು ಮತ್ತೊಬ್ಬರು ಆಗಿರುವುದು ಈ ಉದ್ಯಮದಲ್ಲಿ ಸಾಮಾನ್ಯ. ತಮಿಳುನಾಡಿನ ತಿರುಪ್ಪೂರಿನಲ್ಲಿ ಟಿ-ಶರ್ಟ್, ಬನಿಯನ್‌ಗಳು ದೇಶ ವಿದೇಶಗಳ ಹಲವಾರು ಹೆಸರುಗಳಿಗೆ ತಯಾರಾಗುತ್ತವೆ. ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ನೂರಾರು ಘಟಕಗಳಿವೆ. ಅಷ್ಟೇ ಅಲ್ಲ, ಒಂದೇ ಕಂಪೆನಿ ದೊಡ್ಡ ಮಳಿಗೆಗೆ ಒಂದು ದರ್ಜೆಯ ಬಟ್ಟೆಯನ್ನೂ, ರಿಯಾಯಿತಿ ಮಾರಾಟಕ್ಕೆಂದೇ ಇನ್ನೊಂದು ಹಗುರ ದರ್ಜೆಯ ಬಟ್ಟೆಯನ್ನೂ ಮಾಡಿಸುವುದುಂಟು. ಹೆಸರು ಅದೇ, ನೂಲು ಬೇರೆ. ಆದ್ದರಿಂದ "ಈ ಬ್ರಾಂಡ್ ಒಳ್ಳೆಯದು" ಎಂದು ಕಣ್ಣು ಮುಚ್ಚಿ ನಂಬುವಂತಿಲ್ಲ. ಪ್ರತಿಯೊಂದು ಬಟ್ಟೆಯನ್ನೂ ಕೈಯಲ್ಲಿ ಹಿಡಿದು ನೋಡಲೇಬೇಕು.

ಹಾಗಾದರೆ ಏನನ್ನು ನೋಡಬೇಕು?

ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ನೇಯ್ಗೆ ಒಂದೇ ಸಮನಾಗಿ, ಒತ್ತಾಗಿದೆಯೇ? ಅಲ್ಲಲ್ಲಿ ತೆಳುವಾಗಿ ಬೆಳಕು ಹೆಚ್ಚು ಹಾಯುತ್ತಿದ್ದರೆ ಮೊದಲು ಸವೆಯುವುದು ಅಲ್ಲಿಯೇ. ಮೈ ಕಾಣದಂತಹ ಬಟ್ಟೆ ಬೇಕೆನ್ನುವ ನಮಗೆ ಈ ಪರೀಕ್ಷೆಯಿಂದ ಎರಡು ಪ್ರಯೋಜನ.

ಒಳಭಾಗವನ್ನು ಹೊರಳಿಸಿ ನೋಡಿ. ಬಟ್ಟೆಯ ನಿಜ ಬಣ್ಣ ಅಲ್ಲಿದೆ. ಹೊಲಿಗೆ ಹಾಕಿದ ಜಾಗವನ್ನು ಎರಡೂ ಕಡೆಯಿಂದ ಮೆಲ್ಲನೆ ಎಳೆಯಿರಿ. ನಡುವೆ ಸಂದು ಬಿಟ್ಟರೆ ಅದು ಬಾಳಿಕೆ ಬರುವುದಿಲ್ಲ. ಒಂದು ಇಂಚಿಗೆ ಹತ್ತು ಹನ್ನೆರಡು ಹೊಲಿಗೆಗಳಿದ್ದರೆ ಒಳ್ಳೆಯದು. ಆರೇಳು ಮಾತ್ರವಿದ್ದರೆ ಅವಸರದ ಕೆಲಸ. ಅಂಚಿನಲ್ಲಿ ಅರ್ಧ ಇಂಚಿನಷ್ಟಾದರೂ ಬಟ್ಟೆ ಒಳಗೆ ಬಿಟ್ಟಿದ್ದಾರೆಯೇ ನೋಡಿ. ಬೆಳೆಯುವ ಮಕ್ಕಳ ಬಟ್ಟೆಯನ್ನು ಮರುವರ್ಷ ಬಿಚ್ಚಿ ಅಗಲ ಮಾಡಿಕೊಳ್ಳಲು ಅದು ಬೇಕೇ ಬೇಕು. ಗುಂಡಿ, ಕಾಜಾ, ಜಿಪ್ ಇವುಗಳನ್ನು ಅಂಗಡಿಯಲ್ಲಿಯೇ ನಾಲ್ಕು ಸಲ ಹಾಕಿ ತೆಗೆಯಿರಿ.

ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒದ್ದೆ ಮಾಡಿದ ಬಿಳಿ ಕರವಸ್ತ್ರದ ತುದಿಯಿಂದ ಬಟ್ಟೆಯ ಒಳ ಅಂಚನ್ನು ಉಜ್ಜಿ. ಮೊದಲೇ ಅಂಗಡಿಯವರ ಒಪ್ಪಿಗೆ ಕೇಳಿ. ಒಳ್ಳೆಯ ಮಾಲು ಇಟ್ಟುಕೊಂಡವರು ಬೇಡವೆನ್ನುವುದಿಲ್ಲ.

ಚೀಟಿಯಲ್ಲಿ ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು ಎಂದು ಓದಿ. ಹತ್ತಿ ಬೆವರು ಹೀರುತ್ತದೆ, ಆದರೆ ಮೊದಲ ಒಗೆತಕ್ಕೆ ಕುಗ್ಗಬಹುದು. ಹಾಗಾಗಿ ಹತ್ತಿಯ ಪೀಸನ್ನು ನೀರಿನಲ್ಲಿ ನೆನೆಸಿ ಒಣಗಿಸಿದ ಬಳಿಕವೇ ಟೈಲರ್‌ಗೆ ಕೊಡಿ. ಪಾಲಿಯೆಸ್ಟರ್ ಬೇಗ ಹರಿಯುವುದಿಲ್ಲ, ಸುಕ್ಕಾಗುವುದಿಲ್ಲ, ಆದರೆ ಸೆಕೆ. ಎರಡೂ ಸೇರಿದ ಬಟ್ಟೆಯನ್ನೇ ನಮ್ಮ ಹಿರಿಯರು ಟೆರಿಕಾಟ್ ಎನ್ನುತ್ತಿದ್ದುದು. ಪ್ರತಿದಿನ ಒಗೆಯುವ ಶಾಲಾ ಸಮವಸ್ತ್ರಕ್ಕೆ ಅದು ಅನುಕೂಲ. ಮನೆಯಲ್ಲಿ ಉಡಲು, ಮಕ್ಕಳ ಮೈಗೆ ಹತ್ತಿಯೇ ಹಿತ. ಸಂಶಯ ಬಂದರೆ ಕತ್ತರಿಸಿ ಉಳಿದ ಅಂಚಿನಿಂದ ಎರಡು ಎಳೆ ನೂಲು ತೆಗೆದು ಎಚ್ಚರಿಕೆಯಿಂದ ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಅಸಲಿ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಂತಾಗುತ್ತದೆ.

ಬುರ್ಖಾದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನಿದಾ, ಕ್ರೇಪ್, ಜಾರ್ಜೆಟ್ ಎಂದು ಅಂಗಡಿಗಳಲ್ಲಿ ಬಗೆಬಗೆಯ ಹೆಸರುಗಳಿವೆ. ಇಂದು ಮಾರಾಟವಾಗುವ ಇಂತಹ ಬುರ್ಖಾ ಬಟ್ಟೆಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್‌ನವೇ. ಹೊಸ ಹೆಸರು ಕೇಳಿ ಹೆಚ್ಚು ಬೆಲೆ ಕೊಡುವ ಬದಲು ಮುಷ್ಟಿಯಲ್ಲಿ ಹಿಂಡಿ ಬಿಡಿ, ಸುಕ್ಕು ಉಳಿಯುತ್ತದೆಯೇ ನೋಡಿ. ಉಗುರಿನಿಂದ ಮೆಲ್ಲಗೆ ಉಜ್ಜಿ, ಎಳೆ ಏಳುತ್ತದೆಯೇ ನೋಡಿ. ಕಲ್ಲು, ಮಣಿಗಳನ್ನು ಅಂಟಿಸಿದ್ದರೆ ಕೆಲವೇ ಒಗೆತಗಳಲ್ಲಿ ಉದುರಬಹುದು. ಅವುಗಳ ಬೆಲೆಯನ್ನೂ ನೀವೇ ತೆತ್ತಿರುತ್ತೀರಿ. ಸಾದಾ ಬುರ್ಖಾಕ್ಕೆ ಆ ತೊಂದರೆಯಿಲ್ಲ, ಪರ್ದಾದ ಉದ್ದೇಶಕ್ಕೂ ಅದೇ ಹತ್ತಿರ.

ನಂಬಬಹುದಾದ ಗುರುತುಗಳೇ ಇಲ್ಲವೇ? ಇವೆ. ಆದರೆ ಅವು ಜಾಹೀರಾತಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ರೇಷ್ಮೆ ಕೊಳ್ಳುವಾಗ 'ಸಿಲ್ಕ್ ಮಾರ್ಕ್' ಕೇಳಿ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಆರಂಭಿಸಿದ ಈ ಗುರುತು ಶುದ್ಧ ರೇಷ್ಮೆಗೆ ಮಾತ್ರ. ಆರ್ಟ್ ಸಿಲ್ಕ್ ಎಂಬುದು ಕಲೆಯ ರೇಷ್ಮೆಯಲ್ಲ, ಕೃತಕ ರೇಷ್ಮೆ ಎಂಬುದೂ ನೆನಪಿರಲಿ. ಮದುವೆಯ ಸೀರೆಗೆಂದು ಸಾಲ ಮಾಡಿ ಹಣ ತಂದವರು ಇದರಲ್ಲಿ ಮೋಸ ಹೋದರೆ ಆ ನಷ್ಟ ತುಂಬುವುದು ಕಷ್ಟ. ಕೈಮಗ್ಗದ ಬಟ್ಟೆಗೆ 2006ರಲ್ಲಿ ಬಂದ 'ಹ್ಯಾಂಡ್‌ಲೂಮ್ ಮಾರ್ಕ್' ಇದೆ. ಮಗ್ಗದ ಬೆಲೆ ತೆಗೆದುಕೊಂಡು ಯಂತ್ರದ ಬಟ್ಟೆ ಕೊಡುವವರಿಂದ ಅದು ಕಾಪಾಡುತ್ತದೆ. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ 'ಪ್ರಿಯದರ್ಶಿನಿ' ಮಳಿಗೆಗಳಲ್ಲಿ, ಖಾದಿ ಭಂಡಾರಗಳಲ್ಲಿ ಹತ್ತಿಯ ಬಟ್ಟೆ, ಹಾಸು, ಹೊದಿಕೆ, ಟವೆಲ್‌ಗಳನ್ನು ಒಮ್ಮೆ ನೋಡಿ. ಮಿನುಗು ಕಡಿಮೆ, ಆದರೆ ಕೊಟ್ಟ ಹಣ ಬಟ್ಟೆಗೇ ಹೋಗುತ್ತದೆ. ಗಾಂಧಿ ಜಯಂತಿಯ ಸಮಯದಲ್ಲಿ ಖಾದಿಗೆ ರಿಯಾಯಿತಿ ಕೊಡುವುದು ರೂಢಿ. ಮೈಸೂರಿನಲ್ಲಿ 1912ರಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆಯನ್ನು ಈಗ ರಾಜ್ಯ ಸರಕಾರದ ರೇಷ್ಮೆ ಉದ್ಯಮಗಳ ನಿಗಮ ನಡೆಸುತ್ತಿದೆ. ಅಲ್ಲಿನ ಸೀರೆ ಅಗ್ಗವಲ್ಲ. ಆದರೆ ತಾಯಿಯ ಮೈಸೂರು ಸೀರೆಯನ್ನು ಮಗಳು ಉಟ್ಟಿರುವುದನ್ನು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕಾಣಬಹುದು.

ಕೊಂಡ ಮೇಲೆ ಬಿಲ್ ಕೇಳಲು ಮರೆಯಬೇಡಿ. "ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ" ಎಂಬ ಬೋರ್ಡ್ ಕಂಡು ಸುಮ್ಮನಾಗುವವರೇ ಹೆಚ್ಚು. 2020ರಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ. ಬಿಲ್ ಕೊಡದಿರುವುದೂ ಹಾಗೆಯೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆದರೆ ನಾಲ್ಕು ಸಲ ಉಟ್ಟು, ಮನಸ್ಸು ಬದಲಾಯಿತೆಂದು ಹಿಂದಿರುಗಿಸುವುದು ಹಕ್ಕಲ್ಲ. ಅದು ವ್ಯಾಪಾರಿಗೆ ಮಾಡುವ ಅನ್ಯಾಯ.

ವ್ಯಾಪಾರಿಯ ಮಾತು ಬಂದಾಗ ಇಮಾಮ್ ಅಬೂ ಹನೀಫಾ(ರ) ನೆನಪಾಗುತ್ತಾರೆ. ಹಿಜರಿ 150ರಲ್ಲಿ ನಿಧನರಾದ ಈ ಮಹಾನ್ ವಿದ್ವಾಂಸರು ಕೂಫಾದಲ್ಲಿ ಬಟ್ಟೆಯ ವ್ಯಾಪಾರಿಯಾಗಿದ್ದರು. ಒಮ್ಮೆ ತಮ್ಮ ಪಾಲುದಾರರಿಗೆ ಬಟ್ಟೆಗಳನ್ನು ಒಪ್ಪಿಸಿ, ಅದರಲ್ಲಿ ಒಂದಕ್ಕೆ ಕೊರತೆಯಿದೆ, ಮಾರುವಾಗ ಅದನ್ನು ಗಿರಾಕಿಗೆ ತೋರಿಸಬೇಕು ಎಂದು ಹೇಳಿ ಕಳುಹಿಸಿದರಂತೆ. ಪಾಲುದಾರರು ಮರೆತು ಮಾರಿಬಿಟ್ಟರು, ಕೊಂಡವರು ಯಾರೆಂದೂ ತಿಳಿಯಲಿಲ್ಲ. ವಿಷಯ ತಿಳಿದ ಇಮಾಮರು ಆ ಮಾರಾಟದ ಹಣವನ್ನೆಲ್ಲ ದಾನ ಮಾಡಿದರೆಂದು ಅವರ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಪ್ರವಾದಿವರ್ಯರು(ಸ) ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ, ಒಳಗೆ ಒದ್ದೆಯಿರುವುದನ್ನು ಕಂಡು, ಅದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂಬ ಅರ್ಥದಲ್ಲಿ ಕೇಳಿ, ವಂಚಕರಿಗೆ ಎಚ್ಚರಿಕೆ ಕೊಟ್ಟ ಘಟನೆಯೂ ನಮಗೆ ಗೊತ್ತಿರುವುದೇ.

ಯಾವ ಬ್ರಾಂಡ್ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಕೊರತೆಯನ್ನು ತಾನಾಗಿಯೇ ತೋರಿಸುವ ಅಂಗಡಿಯೇ ಒಳ್ಳೆಯ ಬ್ರಾಂಡ್. "ಅಕ್ಕಾ, ಇದು ಬಣ್ಣ ಬಿಡುತ್ತದೆ, ಬೇರೆ ತೆಗೆದುಕೊಳ್ಳಿ" ಎನ್ನುವ ವ್ಯಾಪಾರಿ ನಿಮ್ಮ ಊರಿನಲ್ಲಿದ್ದರೆ ಅವರನ್ನು ಬಿಡಬೇಡಿ, ನಾಲ್ಕು ಮನೆಗಳಿಗೂ ಅವರ ಹೆಸರು ಹೇಳಿ. ಬಟ್ಟೆ ವ್ಯಾಪಾರದಲ್ಲಿರುವ ನಮ್ಮ ಸಹೋದರರೂ ಈ ಮಾತನ್ನು ಗಮನಿಸಲಿ. ಹಬ್ಬದ ಜನಜಂಗುಳಿಯಲ್ಲಿ ಕಳಪೆ ಮಾಲು ಸುಲಭವಾಗಿ ಸಾಗಿಹೋಗುತ್ತದೆ. ಆದರೆ ಆ ಹಣದಲ್ಲಿ ಬರಕತ್ ಎಲ್ಲಿಂದ ಬರಬೇಕು?

ಬಾಳಿಕೆಯ ಉಳಿದ ಅರ್ಧ ನಮ್ಮ ಕೈಯಲ್ಲಿದೆ. ಬಣ್ಣದ ಬಟ್ಟೆಯನ್ನು, ವಿಶೇಷವಾಗಿ ಕಪ್ಪು ಬುರ್ಖಾವನ್ನು, ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿ. ಇಸ್ತ್ರಿಯನ್ನೂ ಒಳಗಡೆಯಿಂದ, ಹದವಾದ ಬಿಸಿಯಲ್ಲಿ ಹಾಕಿ. ಹೆಚ್ಚು ಬಿಸಿಯಾದರೆ ಪಾಲಿಯೆಸ್ಟರ್ ಹೊಳಪು ಬಂದು ಹಳತಾದಂತೆ ಕಾಣುತ್ತದೆ. ಬಿಟ್ಟುಹೋದ ಒಂದು ಹೊಲಿಗೆಯನ್ನು ಅಂದೇ ಹಾಕಿದರೆ ಎರಡು ನಿಮಿಷದ ಕೆಲಸ. ಪ್ರವಾದಿವರ್ಯರು(ಸ) ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಸೂಜಿ ಹಿಡಿಯುವುದನ್ನು ಹೆಣ್ಣು ಮಕ್ಕಳಿಗೆ ಮಾತ್ರವಲ್ಲ, ಗಂಡು ಮಕ್ಕಳಿಗೂ ಕಲಿಸಲು ಇದಕ್ಕಿಂತ ದೊಡ್ಡ ಮಾದರಿ ಬೇಕೇ?

ಇನ್ನೊಂದು ಮಾತು. ಒಳ್ಳೆಯ ಬಟ್ಟೆ ನಮ್ಮಲ್ಲಿಗೇ ಮುಗಿಯುವುದಿಲ್ಲ. ಅಕ್ಕನದ್ದು ತಂಗಿಗೆ ಆಗುತ್ತದೆ, ಬಳಿಕ ಇನ್ನೊಂದು ಮನೆಯ ಮಗುವಿಗೆ ಆಗುತ್ತದೆ. ನಮಗೇ ಯಾರಾದರೂ ಕೊಟ್ಟರೆ ಕಣ್ಣು ಮುಚ್ಚಿಕೊಂಡಲ್ಲದೆ ಸ್ವೀಕರಿಸಲಾಗದಂತಹ ವಸ್ತುವನ್ನು ದಾನಕ್ಕೆ ಆರಿಸಬೇಡಿ ಎಂಬುದು ಅಲ್ ಬಕರಃ ಅಧ್ಯಾಯದ ಬೋಧನೆ. ಎರಡು ತಿಂಗಳಲ್ಲಿ ಹರಿಯುವ ಬಟ್ಟೆ ಕೊಂಡರೆ ಬಡವರಿಗೆ ಕೊಡಲು ನಮ್ಮಲ್ಲಿ ಉಳಿಯುವುದು ಚಿಂದಿ ಮಾತ್ರ.

ಆದ್ದರಿಂದ ಮುಂದಿನ ಸಲ ಈದ್‌ನ ಬಟ್ಟೆಯನ್ನು ಶಅಬಾನ್ ತಿಂಗಳಲ್ಲೇ ಕೊಂಡುಬಿಡಿ. ಅಂಗಡಿ ಖಾಲಿಯಿರುತ್ತದೆ, ವ್ಯಾಪಾರಿಗೂ ಪುರುಸೊತ್ತಿರುತ್ತದೆ, ಒಳಗಡೆ ಹೊರಳಿಸಿ ನೋಡಲು ನಿಮಗೂ ಸಮಯವಿರುತ್ತದೆ. ಮೂರು ಜೊತೆ ಬದಲು ಎರಡೇ ಜೊತೆ ಸಾಕು, ಆದರೆ ಅವು ಮುಂದಿನ ಈದ್‌ಗೂ ಬಾಳಲಿ. ಉಳಿದ ಹಣದಲ್ಲಿ ಒಂದು ಜೊತೆ ಇನ್ನೊಂದು ಮನೆಗೆ ತಲುಪಲಿ. ರಮಝಾನ್‌ನ ಕೊನೆಯ ಹತ್ತು ರಾತ್ರಿಗಳು ಅಲ್ಲಾಹನಿಗಾಗಿ ಉಳಿಯಲಿ.