ಬೀಗ ಫೋನಿಗಿದೆ, ಸಿಮ್‌ಗೆ?

ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವ ನೂಕುನುಗ್ಗಲಿನಲ್ಲಿ ಫೋನು ಹೋಯಿತು ಎಂದು ಯಾರಾದರೂ ಹೇಳಿದರೆ ನಮ್ಮ ಬಾಯಲ್ಲಿ ಮೊದಲು ಬರುವ ಮಾತು, ‘ಅಯ್ಯೋ, ಎಷ್ಟರ ಫೋನು?’ ಫೋನೆಂದರೆ ಬರೀ ಮಾತಾಡುವ ಯಂತ್ರವಾಗಿದ್ದ ಕಾಲಕ್ಕೆ ಅದು ಸರಿಯಾದ ಪ್ರಶ್ನೆ. ಈಗ ಬ್ಯಾಂಕು, ಆಧಾರ್, ಗ್ಯಾಸ್ ಬುಕಿಂಗ್, ಮಗುವಿನ ಶಾಲೆಯ ಶುಲ್ಕ ಎಲ್ಲವೂ ಆ ಒಂದು ನಂಬರಿಗೆ ಜೋತುಬಿದ್ದಿವೆ. ಈಗ ಮೊದಲು ಕೇಳಬೇಕಾದದ್ದು, ‘ಸಿಮ್ ಬ್ಲಾಕ್ ಮಾಡಿಸಿದಿರಾ?’ ಎಂದು.

‘ಪ್ಯಾಟರ್ನ್ ಹಾಕಿದ್ದೀನಲ್ಲಪ್ಪ, ನನ್ನ ಫೋನು ಯಾರು ತೆಗೀತಾರೆ?’ ಎಂದರು ನಮ್ಮ ಚಿಕ್ಕಮ್ಮ. ಅವರೆದುರೇ ಒಂದು ಪರೀಕ್ಷೆ ಮಾಡಿದೆ. ಫೋನಿನ ಲಾಕ್ ಮುಟ್ಟಲಿಲ್ಲ. ಅವರು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನು ಇಸಿದುಕೊಂಡು ಫೋನಿನ ಪಕ್ಕದ ಸಣ್ಣ ತೂತಿಗೆ ಒತ್ತಿದೆ. ಸಿಮ್ ಹೊರಬಂತು. ಅದನ್ನು ನನ್ನ ಹಳೇ ಫೋನಿಗೆ ಹಾಕಿ, ಅವರು ದಿನಸಿ ತರಿಸುವ ಆ್ಯಪ್‌ನಲ್ಲಿ ಅವರ ನಂಬರ್ ಒತ್ತಿದೆ. ಒಟಿಪಿ ನನ್ನ ಕೈಯಲ್ಲಿದ್ದ ಫೋನಿಗೆ ಬಂತು. ಮನೆ ವಿಳಾಸ, ಹಳೆಯ ಆರ್ಡರುಗಳು ಎಲ್ಲ ತೆರೆದುಕೊಂಡವು. ಇಷ್ಟಕ್ಕೆ ಎರಡು ನಿಮಿಷವೂ ಆಗಲಿಲ್ಲ. ಅವರ ಫೋನು ಮೇಜಿನ ಮೇಲೆ ಲಾಕ್ ಆಗಿಯೇ ಬಿದ್ದಿತ್ತು.

ಪರದೆಯ ಲಾಕ್ ಕಾಯುವುದು ಫೋನಿನ ಒಳಗಿರುವುದನ್ನು ಮಾತ್ರ. ಸಿಮ್ ಬೇರೆಯದೇ ಬಾಗಿಲು, ಹೆಚ್ಚಿನವರ ಮನೆಯಲ್ಲಿ ಅದಕ್ಕೆ ಚಿಲಕವೇ ಇಲ್ಲ.

‘ಬ್ಯಾಂಕಿಗೆ ಯುಪಿಐ ಪಿನ್ ಬೇಡವೇ?’ ಎಂದು ನೀವು ಕೇಳಬಹುದು. ಬೇಕು. ಆದರೆ ಪಿನ್ ಮರೆತವರಿಗೆ ಹೊಸದು ಮಾಡಿಕೊಳ್ಳುವ ದಾರಿಯೂ ಇದೆಯಲ್ಲ. ಅದಕ್ಕೆ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯುವ ತಿಂಗಳು-ವರ್ಷ ಮತ್ತು ಒಟಿಪಿ ಕೇಳುತ್ತಾರೆ. ಒಟಿಪಿ ಸಿಮ್‌ಗೆ ಬರುತ್ತದೆ. ಕಾರ್ಡು? ನಮ್ಮಲ್ಲಿ ಎಷ್ಟೋ ಜನ ಅದನ್ನು ಫೋನಿನ ಕವರಿನ ಹಿಂದೆಯೇ ಸಿಕ್ಕಿಸಿಟ್ಟಿರುತ್ತಾರೆ. ಬೀರುವಿನ ಕೀಲಿಯನ್ನು ಬೀರುವಿಗೇ ನೇತುಹಾಕಿದ ಹಾಗೆ. ಇದನ್ನು ಓದುತ್ತಿರುವ ಹೊತ್ತಿನಲ್ಲೇ ನಿಮ್ಮ ಕವರ್ ತೆಗೆದು ನೋಡಿ. ಕಾರ್ಡಿದ್ದರೆ ಪರ್ಸಿಗೆ ಹಾಕಿ.

ಸಿಮ್‌ಗೆ ಬೀಗ ಹಾಕುವುದು ಕಷ್ಟವಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ವಿಭಾಗಕ್ಕೆ ಹೋದರೆ ‘ಸಿಮ್ ಲಾಕ್’ ಎಂದಿರುತ್ತದೆ. ಕೆಲವು ಫೋನುಗಳಲ್ಲಿ ಸರ್ಚ್‌ನಲ್ಲಿ ಹುಡುಕಬೇಕಾಗುತ್ತದೆ. ಅದನ್ನು ಆನ್ ಮಾಡಿ, ಕಂಪನಿ ಮೊದಲೇ ಇಟ್ಟಿರುವ ಪಿನ್ ಕೊಟ್ಟು, ನಿಮ್ಮದೇ ಹೊಸ ಪಿನ್ ಇಟ್ಟುಕೊಳ್ಳಬೇಕು. ಒಂದೇ ಎಚ್ಚರಿಕೆ: ಕಂಪನಿಯ ಪಿನ್ ಯಾವುದೆಂದು ಕಸ್ಟಮರ್ ಕೇರಿಗೆ ಕೇಳಿ ತಿಳಿದುಕೊಂಡೇ ಕೈಹಾಕಿ, ಊಹಿಸಬೇಡಿ. ಮೂರು ಸಲ ತಪ್ಪಿದರೆ ಸಿಮ್ ಎಂಟು ಅಂಕಿಯ ಪಿಯುಕೆ ಕೇಳುತ್ತದೆ. ಅದನ್ನೂ ಹತ್ತು ಸಲ ತಪ್ಪಿದರೆ ಸಿಮ್ ಶಾಶ್ವತವಾಗಿ ಕೆಟ್ಟುಹೋಗುತ್ತದೆ. ಇಷ್ಟು ಬಿಗಿ ಇರುವುದರಿಂದಲೇ ಕದ್ದವನಿಗೂ ಅದು ಸುಲಭಕ್ಕೆ ಬಗ್ಗುವುದಿಲ್ಲ. ಫೋನು ಆಫ್ ಮಾಡಿ ಆನ್ ಮಾಡಿದಾಗಲೆಲ್ಲ ನೀವು ನಾಲ್ಕು ಅಂಕಿ ಒತ್ತಬೇಕು, ತೊಂದರೆ ಅಷ್ಟೇ. ಕಿತ್ತು ತೆಗೆಯಲಾಗದ ಇ-ಸಿಮ್ ಇದ್ದರೆ ಈ ಭಯ ಇನ್ನೂ ಕಡಿಮೆ.

ಇದರ ಜೊತೆಗೆ ಮೂರು ಕೆಲಸ ಮುಗಿಸಿಬಿಡಿ. ಮೊದಲನೆಯದು, ಲಾಕ್ ಆಗಿರುವ ಪರದೆಯ ಮೇಲೆ ಮೆಸೇಜು ಕಾಣಿಸದಂತೆ ಮಾಡಿ. ಇಲ್ಲದಿದ್ದರೆ ಸಿಮ್ ತೆಗೆಯುವ ಶ್ರಮವೂ ಕಳ್ಳನಿಗೆ ಬೇಡ, ಒಟಿಪಿ ಅಲ್ಲೇ ಕಾಣುತ್ತದೆ. ಎರಡನೆಯದು, ಪ್ಯಾಟರ್ನ್ ಬಿಟ್ಟು ಆರು ಅಂಕಿಯ ಪಿನ್‌ಗೆ ಬನ್ನಿ. ಬಸ್ಸಿನಲ್ಲಿ ಪಕ್ಕದಲ್ಲಿ ನಿಂತವರಿಗೆ ಬೆರಳು ಎಳೆಯುವ ಗೆರೆ ಒಂದೇ ನೋಟಕ್ಕೆ ನೆನಪುಳಿಯುತ್ತದೆ. ಆ ಪಿನ್ನನ್ನೇ ಯುಪಿಐಗೂ ಇಡಬೇಡಿ. ಮೂರನೆಯದು, ವಾಟ್ಸ್ಆ್ಯಪ್‌ನಲ್ಲಿ ಎರಡು ಹಂತದ ಪರಿಶೀಲನೆಯ ಪಿನ್ ಹಾಕಿ. ಆಗ ನಿಮ್ಮ ಸಿಮ್ ಸಿಕ್ಕವನು ನಿಮ್ಮ ಹೆಸರಿನಲ್ಲಿ ನೆಂಟರ ಹತ್ತಿರ ದುಡ್ಡು ಕೇಳುವುದು ತಪ್ಪುತ್ತದೆ.

ಲ್ಯಾಪ್‌ಟಾಪಿನದೂ ಇದೇ ಕಥೆ. ವಿಂಡೋಸ್ ಪಾಸ್‌ವರ್ಡ್ ಇದೆ ಎಂದು ನೆಮ್ಮದಿಯಿಂದ ಇರುತ್ತೇವೆ, ಆದರೆ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಆ ಪಾಸ್‌ವರ್ಡನ್ನು ಕೇಳುವವರೇ ಇಲ್ಲ. ಡಿಸ್ಕ್ ಎನ್‌ಕ್ರಿಪ್ಷನ್ ಆನ್ ಇದ್ದರೆ ಮಾತ್ರ ಒಳಗಿನದು ಯಾರಿಗೂ ಅರ್ಥವಾಗದ ಅಕ್ಷರರಾಶಿಯಾಗಿ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಫೋನು ಹೋಯಿತು ಅನ್ನಿ. ಆಗ ಕೆಲಸಗಳ ಸರದಿ ಮುಖ್ಯ. ಹೆಚ್ಚಿನವರು ತಮ್ಮ ನಂಬರಿಗೆ ಮತ್ತೆ ಮತ್ತೆ ಕರೆ ಮಾಡುತ್ತಾ ಅರ್ಧ ದಿನ ಕಳೆಯುತ್ತಾರೆ. ಬೇರೆಯವರ ಫೋನಿನಿಂದ ಮೊದಲು ಸಿಮ್ ಕಂಪನಿಗೆ ಕರೆ ಮಾಡಿ ಸಿಮ್ ನಿಲ್ಲಿಸಿ. ಆಮೇಲೆ ಬ್ಯಾಂಕಿಗೆ ಹೇಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಬ್ಯಾಂಕಿಗೆ ತಿಳಿಸಿದ ಸಮಯ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರ ಅಜಾಗರೂಕತೆಯಿಂದ ನಷ್ಟವಾಗಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕು. ಹಾಗಾಗಿ ಆ ಒಂದು ಕರೆಯ ಸಮಯಕ್ಕೆ ಬೆಲೆಯಿದೆ.

ಅದಾದ ಮೇಲೆ ಪೊಲೀಸ್ ದೂರು. ದೂರಿನ ಪ್ರತಿ ಕೈಗೆ ಬಂದರೆ, ಕೇಂದ್ರದ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿರುವ ಸಿಇಐಆರ್ ವ್ಯವಸ್ಥೆಯಲ್ಲಿ ಫೋನನ್ನು ಬ್ಲಾಕ್ ಮಾಡಿಸಬಹುದು. 2023ರ ಮೇ ತಿಂಗಳಲ್ಲಿ ಇದು ಇಡೀ ದೇಶಕ್ಕೆ ತೆರೆದುಕೊಂಡಿತು. ಪ್ರತಿ ಫೋನಿಗೂ ಇರುವ ಹದಿನೈದು ಅಂಕಿಯ ಐಎಂಇಐ ಸಂಖ್ಯೆಯ ಮೇಲೆ ಇದು ನಡೆಯುತ್ತದೆ. ಕಳ್ಳ ಬೇರೆ ಸಿಮ್ ಹಾಕಿದರೂ ಫೋನಿನ ಈ ಗುರುತು ಬದಲಾಗುವುದಿಲ್ಲ, ನೆಟ್‌ವರ್ಕ್ ಅದನ್ನು ಒಳಗೆ ಬಿಡುವುದಿಲ್ಲ. ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದರೆ ಆ ಸಂಖ್ಯೆ ಪರದೆಗೆ ಬರುತ್ತದೆ. ಆದರೆ ಫೋನು ಕೈಯಲ್ಲಿರುವಾಗ ಮಾತ್ರ. ಕಳೆದ ಮೇಲೆ ಪೆಟ್ಟಿಗೆ, ಬಿಲ್ಲು ಹುಡುಕುತ್ತಾ ಅಟ್ಟ ಹತ್ತುವ ಬದಲು ಇವತ್ತೇ ಬರೆದಿಡಿ.

ಕೊನೆಗೊಂದು ಬಲೆ ಉಳಿದಿರುತ್ತದೆ. ‘ನಿಮ್ಮ ಫೋನು ಸಿಕ್ಕಿದೆ, ಇಲ್ಲಿ ಲಾಗಿನ್ ಆಗಿ’ ಎಂದು ಕೆಲವು ದಿನಗಳಾದ ಮೇಲೆ ಮೆಸೇಜು ಬರಬಹುದು. ಕದ್ದವರಿಗೆ ಫೋನು ತೆರೆಯಲು ಆಗಿಲ್ಲ ಎಂಬುದಕ್ಕೆ ಅದೇ ಗುರುತು. ನಿಮ್ಮ ಪಾಸ್‌ವರ್ಡನ್ನು ನಿಮ್ಮ ಕೈಯಿಂದಲೇ ಕೊಡಿಸಿಕೊಳ್ಳುವ ಉಪಾಯ ಅದು. ಆ ಲಿಂಕ್ ಮುಟ್ಟಬೇಡಿ.

ಚಿಕ್ಕಮ್ಮನ ಸಿಮ್‌ಗೆ ಅವತ್ತೇ ಪಿನ್ ಹಾಕಿದೆವು. ಹಾಲಿನ ಲೆಕ್ಕ ಬರೆಯುವ ಡೈರಿಯ ಕೊನೇ ಪುಟದಲ್ಲಿ ಐಎಂಇಐ ಸಂಖ್ಯೆ, ಬ್ಯಾಂಕಿನ ಸಹಾಯವಾಣಿ, 1930, ನನ್ನ ನಂಬರ್ ಬರೆದುಕೊಂಡರು. ಪಿನ್ ಮಾತ್ರ ಬರೆಯಬೇಡಿ ಎಂದೆ. ಆಮೇಲೆ ಅವರೇ ಬಳೆಯಿಂದ ಪಿನ್ನು ತೆಗೆದುಕೊಟ್ಟು, ‘ಈಗ ಹಾಕು ನೋಡೋಣ’ ಎಂದರು. ಸಿಮ್ ಮತ್ತೆ ನನ್ನ ಹಳೇ ಫೋನಿಗೆ ಹೋಯಿತು. ಪರದೆ ಪಿನ್ ಕೇಳಿತು, ಒಟಿಪಿ ಬರಲಿಲ್ಲ. ನಿಮ್ಮ ಮನೆಯ ಹಿರಿಯರ ಫೋನಿನಲ್ಲೂ ಈ ಭಾನುವಾರ ಇಷ್ಟು ಮಾಡಿಕೊಡಿ.