ತ್ರೈಮಾಸಿಕಕ್ಕೂ ಮೇಜಿನ ಮೇಲೆ ಜಾಗವಿರಲಿ

ದೀಪಾವಳಿ ಸಮೀಪಿಸಿದರೆ ಕನ್ನಡದಲ್ಲಿ ವಿಶೇಷಾಂಕಗಳ ಸುಗ್ಗಿ. ಹೊರದೇಶಗಳ ಸಾಹಿತ್ಯ ಪತ್ರಿಕೆಗಳಂತೆ ಋತುಮಾನಕ್ಕೊಂದು ಸಂಚಿಕೆ ತರುವ ಪರಿಪಾಟವೂ ನಮಗೆ ಹೊಸದಲ್ಲ. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’, ತೀರ್ಥಹಳ್ಳಿ ಸೀಮೆಯ ಯು.ಆರ್. ಅನಂತಮೂರ್ತಿ 1981ರಲ್ಲಿ ಆರಂಭಿಸಿದ ‘ರುಜುವಾತು’, ವಿವೇಕ ಶಾನಭಾಗರ ‘ದೇಶ ಕಾಲ’ ಈ ಸಾಲಿನವು. ಇವು ಹೊರಗಿನ ಚಿಂತನೆಯನ್ನು ಕನ್ನಡಕ್ಕೆ ತಂದವು. ಹೊಸ ಬರಹಗಾರರನ್ನು ಓದುಗರ ಮುಂದೆ ನಿಲ್ಲಿಸಿದವು.

ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದಾಗ ಊರೂರಲ್ಲಿ ಸಂಭ್ರಮಿಸಿದೆವು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಆ 12 ಕಥೆಗಳು 1990ರಿಂದ 2023ರವರೆಗಿನ ಬರವಣಿಗೆ. ಬಾನು ಅವರು ವರದಿಗಾರ್ತಿಯಾಗಿ ದುಡಿದದ್ದು ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯ ಪಿ. ಲಂಕೇಶರ ವಾರಪತ್ರಿಕೆಯಲ್ಲಿ. ಪ್ರಶಸ್ತಿ ಒಂದು ರಾತ್ರಿಯ ಸುದ್ದಿ. ಅದರ ಹಿಂದಿರುವುದು ಪತ್ರಿಕೆ, ಸಂಪಾದಕ, ಓದುಗರ ದಶಕಗಳ ದುಡಿಮೆ.

ಹೊಳೆಹೊನ್ನೂರಿನಂಥ ಹೋಬಳಿ ಕೇಂದ್ರದ ಓದುಗನಿಗೆ ಇಂಥ ಪತ್ರಿಕೆ ಸಿಗುವುದೆಲ್ಲಿ? ಬಸ್ ನಿಲ್ದಾಣದ ಅಂಗಡಿಗಳಲ್ಲಿ ನೇತಾಡುವುದು ಹೆಚ್ಚಾಗಿ ಪಂಚಾಂಗ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡು. ಮಾರಾಟವಾಗದ್ದನ್ನು ಇಡಿ ಎಂದು ಅಂಗಡಿಯವರಿಗೆ ಹೇಳುವಂತಿಲ್ಲ, ಗ್ರಂಥಾಲಯಕ್ಕೆ ಹೇಳಬಹುದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜತೆ ಶೇ 6ರಷ್ಟು ಗ್ರಂಥಾಲಯ ಕರವನ್ನು ಜನ ಕಟ್ಟುತ್ತಿದ್ದಾರೆ. ಆ ಹಣದಲ್ಲಿ ಹೆಗ್ಗೋಡಿನ ನೀನಾಸಮ್‌ನ ‘ಮಾತುಕತೆ’ಯಂಥ ಒಂದೆರಡು ಸಾಹಿತ್ಯ ಪತ್ರಿಕೆಗಳಿಗೆ ವಾರ್ಷಿಕ ಚಂದಾ ಕಟ್ಟುವುದು ದೊಡ್ಡ ಹೊರೆಯೇನಲ್ಲ. ಮುಂದಿನ ಆಯವ್ಯಯದಲ್ಲೇ ಇದಕ್ಕೆ ಹಣ ತೆಗೆದಿರಿಸಲಿ.